ಅಡವಿಯವರ ಕಾಯಿದೆ, ನಮ್ಮ ಮಕ್ಕಳ ವಕೀಲಿ
(ಜೋಗೇಶ್ವರಿಯ ಉಪನ್ಯಾಸಮಾಲೆಯಲ್ಲಿ ಮಾಡಿದ ಮೊದಲ ಭಾಷಣ)



ಆದಿವಾಸಿಗಳ ಕಾಯಿದೆಯಿಂದ ಹೋಟೆಲಿನವರಿಗೂ ಗಿರಣಿಯವರಿಗೂ ಆಗಬೇಕಾದ್ದೇನು ಎಂದು ಕೆಲವರು ಕೇಳಿದ್ದಾರೆ. ಕೇಳಿದ್ದು ಸರಿಯೇ, ಉತ್ತರ ಹೇಳುವುದು ನಮ್ಮ ಹೊಣೆ.

ಇಲ್ಲಿಂದ ವಿಕ್ರೋಲಿ ಲಿಂಕ್ ರಸ್ತೆ ಹಿಡಿದು ಹೊರಟರೆ ಎಡಗಡೆಗೆ ಆರೆ ಕಾಲೊನಿ. 1951ರಲ್ಲಿ ಪಂಡಿತ ನೆಹರೂ ಅವರು ಉದ್ಘಾಟಿಸಿದ ಹಾಲಿನ ಕಾಲೊನಿ. ಆರೆ ಹಾಲಿನ ಬಾಟಲಿಗೆ ಸಾಲು ನಿಂತ ಹಿರಿಯರು ನಮ್ಮಲ್ಲಿದ್ದಾರೆ. ಆದರೆ ಕಾಲೊನಿಗಿಂತ ಮೊದಲೇ ಅಲ್ಲಿ ವಾರ್ಲಿಗಳು ಬಾಳುತ್ತಿದ್ದರು; ಅವರ ಪಾಡಾಗಳು ಇಂದಿಗೂ ಇವೆ. 2019ರ ಅಕ್ಟೋಬರ್ 4ರಂದು ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು. ಅಂದು ರಾತ್ರಿಯೇ ಮೆಟ್ರೋ ಡಿಪೋಗಾಗಿ ಕೊಡಲಿ ಬಿತ್ತು. 2 ಸಾವಿರಕ್ಕೂ ಮಿಕ್ಕಿ ಮರಗಳು ಉರುಳಿದವು. ಆಗ ಕಾನೂನು ಓದುತ್ತಿದ್ದ ವಿದ್ಯಾರ್ಥಿಗಳು ದೇಶದ ಮುಖ್ಯ ನ್ಯಾಯಾಧೀಶರಿಗೆ ಒಂದು ಕಾಗದ ಬರೆದರು. ಸುಪ್ರೀಂ ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ಎಣಿಸಿ, ದಸರೆಯ ರಜೆಯಲ್ಲೇ ಪೀಠ ಕೂಡಿಸಿ, 7ರಂದು ಕಡಿತ ನಿಲ್ಲಿಸಿತು. ಡಿಪೋ ಕೊನೆಗೂ ಆಯಿತು, ಅದನ್ನು ಮುಚ್ಚಿಡುವುದು ಬೇಡ. ಆದರೂ ಇನ್ನೂ ಕರಿ ಕೋಟು ತೊಡದ ಹುಡುಗರ ಕಾಗದಕ್ಕೆ ಕೋರ್ಟಿನ ಬಾಗಿಲು ತೆರೆದದ್ದು ಸುಳ್ಳಲ್ಲ.

ಇನ್ನು 2006ರ ಅರಣ್ಯ ಹಕ್ಕು ಕಾಯಿದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನ ನೆಲವನ್ನು ಹೊಟ್ಟೆಪಾಡಿಗೆ ಉಳುತ್ತಿದ್ದ ಆದಿವಾಸಿಗೆ, 4 ಹೆಕ್ಟೇರು ಮೀರದಂತೆ, ಅದರ ಮೇಲೆ ಹಕ್ಕು. ಅರ್ಜಿಯನ್ನು ಮೊದಲು ನೋಡುವುದು ಗ್ರಾಮಸಭೆ. ಊರ ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದೂ ಪುರಾವೆಯೇ! ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿಕಾಡಿನೊಳಗೇ ಸಾಮೂಹಿಕ ಹಕ್ಕುಪತ್ರ ಪಡೆದದ್ದು ಈ ಕಾಯಿದೆಯಿಂದ. ಆದರೆ ಮಹಾನಗರದ ನಡುವಿನ ಪಾಡಾಕ್ಕೆ ಗ್ರಾಮಸಭೆ ಎಲ್ಲಿಂದ ಬರಬೇಕು? ಇಂಥ ಗಂಟು ಬಿಡಿಸಲಿಕ್ಕೇ ವಕೀಲ ಬೇಕಾಗುವುದು.

ಈಗ ಊರಿನ ಮಾತು. ನಮ್ಮಲ್ಲಿ ಬಹಳ ಮಂದಿ ಮಂಗಳೂರು, ಉಡುಪಿ ಕಡೆಯವರು, ಕೊರಗರನ್ನು ಅರಿಯದವರಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ಪೀಡೆ ಕಳೆಯಿತೆಂದು ನಂಬಿದ ಮನೆಗಳು ಯಾರವು? ಹೊರಗಿನವರವಲ್ಲ. ಕರ್ನಾಟಕ ಸರ್ಕಾರ 2000ದಲ್ಲಿ ಕಾಯಿದೆ ಮಾಡಿ ಈ ಅಜಲು ಪದ್ಧತಿಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರು "ಇದು ಮೊದಲಿನಿಂದ ಬಂದದ್ದು" ಎಂದರೆ, "ಅಪ್ಪಾ, ಇದಕ್ಕೆ ಜೈಲಿದೆ" ಎಂದು ಹೇಳುವ ಧೈರ್ಯ ನಮಗಿರಬೇಕು. ಮುಂಬಯಿಯಲ್ಲಿ ಮಾಲಿಕನೆದುರು ಮನುಷ್ಯರಂತೆ ಕಾಣಿರೆಂದು ಕೇಳುವವರು ನಾವು. ಊರಿನಲ್ಲಿ ಬೇರೆ ನಾಲಗೆ ಇಟ್ಟುಕೊಳ್ಳುವುದು ಹೇಗೆ?

ನಮ್ಮ ಸ್ವಂತದ್ದೂ ಒಂದಿದೆ. 1987ರ ಕಾನೂನು ಸೇವೆಗಳ ಕಾಯಿದೆಯ 12ನೆಯ ಕಲಮಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಪಡೆಯಬಲ್ಲವರ ಪಟ್ಟಿಯಿದೆ. ಪರಿಶಿಷ್ಟ ಜಾತಿ, ಪಂಗಡದವರಿದ್ದಾರೆ, ಹೆಂಗಸರಿದ್ದಾರೆ, ಮಕ್ಕಳಿದ್ದಾರೆ; ಔದ್ಯೋಗಿಕ ಕಾರ್ಮಿಕನೂ ಇದ್ದಾನೆ. ಗಿರಣಿಯ ಅಣ್ಣಂದಿರು ಇದನ್ನು ಗಟ್ಟಿಯಾಗಿ ನೆನಪಿಡಿ. ಆರೆಯ ವಾರ್ಲಿಯೂ ನೀವೂ ಒಂದೇ ಪಟ್ಟಿಯಲ್ಲಿದ್ದೀರಿ.

ವಕೀಲಿ ದೊಡ್ಡವರ ಮಕ್ಕಳ ಉದ್ಯೋಗವೆಂದು ಕೈಬಿಡಬೇಡಿ. 12ನೆಯ ತರಗತಿ ಆದವರಿಗೆ 5 ವರ್ಷದ ಓದು, ಪದವೀಧರರಿಗೆ 3 ವರ್ಷ. ಎರಡಕ್ಕೂ ಪ್ರವೇಶ ಪರೀಕ್ಷೆಯಿದೆ. ಡಾ. ಅಂಬೇಡ್ಕರರು ಕಟ್ಟಿದ ಶಿಕ್ಷಣ ಸಂಸ್ಥೆಯ ಸಿದ್ಧಾರ್ಥ ಕಾನೂನು ಕಾಲೇಜು 1956ರಿಂದ ಈ ಊರಿನಲ್ಲೇ ಇದೆ. ಓದು ಮುಗಿದ ಮೇಲೆ ಸನ್ನದು, ಆಮೇಲೆ ಬಾರ್ ಪರೀಕ್ಷೆ. ಮೊದಲ ಕೆಲವು ವರ್ಷ ಗಳಿಕೆ ಕಡಿಮೆ, ಮನೆಯವರು ತಾಳಿಕೊಳ್ಳಬೇಕು.

ಮಗನನ್ನೋ ಮಗಳನ್ನೋ ಕಾನೂನು ಓದಿಸುವ ಮನಸ್ಸಿದ್ದವರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿ. ಪ್ರವೇಶ ಪರೀಕ್ಷೆಯ ಪುಸ್ತಕಗಳನ್ನು ಸಂಘದಿಂದ ತರಿಸೋಣ. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸಿದರಾಯಿತು.