ಮಗು ಹುಟ್ಟಿದ ಮೇಲೆ ಬದಲಾಗುವ ಮಾತು

(ಕಡಕೊಳದಲ್ಲಿ ದಂಪತಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮದುವೆಯಾದ ಹೊಸತರಲ್ಲಿ ನಮ್ಮ ಯುವ ದಂಪತಿಗಳು ‘ಮಕ್ಕಳನ್ನು ಇಬ್ಬರೂ ಸೇರಿ ಬೆಳೆಸೋಣ’ ಎನ್ನುತ್ತಾರೆ. ಆ ಮಾತಿನಲ್ಲಿ ಕಪಟವೇನೂ ಇರುವುದಿಲ್ಲ. ಆದರೆ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಅದೇ ಗಂಡ ‘ಮಗುವಿನ ವಿಷಯ ಅವಳಿಗೇ ಗೊತ್ತು’ ಎನ್ನುತ್ತಾನೆ. ಅದೇ ಹೆಂಡತಿ ‘ಅವರ ಕೈಯಲ್ಲಿ ಮಗು ನಿಲ್ಲುವುದೇ ಇಲ್ಲ’ ಎನ್ನುತ್ತಾಳೆ. ಈ ಅಭಿಪ್ರಾಯ ಎಲ್ಲಿಂದ ಬಂತು?

ನಮ್ಮ ದೃಷ್ಟಿಯಲ್ಲಿ ಇದರ ಮೂಲ ಬಾಣಂತನದ ದಿನಗಳಲ್ಲಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲೂ ಇತರ ಸಮುದಾಯಗಳಲ್ಲೂ ಇರುವ ರೂಢಿ. ಬಾಣಂತಿಗೆ ವಿಶ್ರಾಂತಿ ಬೇಕು, ಹೆತ್ತಮ್ಮನ ಆರೈಕೆ ಬೇಕು. ರೂಢಿಯನ್ನು ನಾವು ಹಳಿಯುವುದಿಲ್ಲ. ಆದರೆ ನಲವತ್ತು ದಿನಗಳು ಅನೇಕ ಮನೆಗಳಲ್ಲಿ ಮೂರು ತಿಂಗಳು, ಐದು ತಿಂಗಳಾಗುತ್ತವೆ. ಅಷ್ಟೂ ಕಾಲ ತಂದೆಯೆಂದರೆ ಭಾನುವಾರ ಹಣ್ಣು ಹಿಡಿದು ಬರುವ ಅತಿಥಿ. (ಅಳಿಯನಿಗೆ ಬಿರಿಯಾನಿ ಮಾಡುವ ಗಡಿಬಿಡಿಯಲ್ಲಿ ಮಗುವನ್ನು ಆತನ ಕೈಗೆ ಕೊಡಲು ಮರೆಯುವವರೂ ಇದ್ದಾರೆ!) ಹಸಿವಿನ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂಬುದನ್ನು ತಾಯಿ ಕಲಿಯುವುದು ಆ ದಿನಗಳಲ್ಲೇ. ತಂದೆಗೆ ಕಲಿಯುವ ಅವಕಾಶವಿರಲಿಲ್ಲ. ಮುಂದೆ ಅದನ್ನೇ ‘ಗಂಡಸಿನ ಸ್ವಭಾವ’ವೆಂದು ಇಬ್ಬರೂ ನಂಬಿಬಿಡುತ್ತಾರೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಪುರುಷರಲ್ಲಿ ಸುಮಾರು ಶೇ. 21 ಮಾತ್ರ.

ಕಾನೂನೂ ಇದೇ ದಾರಿ ಹಿಡಿದಿದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು, ಅದು ಸ್ವಾಗತಾರ್ಹ. ಕೇಂದ್ರ ಸರಕಾರಿ ನೌಕರನಾದ ತಂದೆಗೆ 15 ದಿನಗಳ ರಜೆಯಿದೆ. ಇಲ್ಲಿನ ಖಾಸಗಿ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ತಂದೆಗೆ ಅಂಥ ಒಂದು ದಿನವನ್ನೂ ಕಾನೂನು ಕೊಟ್ಟಿಲ್ಲ.

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ತಾಯಿ ಎರಡು ವರ್ಷ ಹಾಲುಣಿಸುವುದು, ತಂದೆ ಖರ್ಚುವೆಚ್ಚ ನೋಡಿಕೊಳ್ಳುವುದು, ಇಷ್ಟೇ. ಆದರೆ ಮಗುವಿಗೆ ಹಾಲು ಬಿಡಿಸುವ ವಿಚಾರವನ್ನು ಅದೇ ಸೂಕ್ತವು ಇಬ್ಬರ ಒಪ್ಪಿಗೆಗೆ, ಪರಸ್ಪರ ಸಮಾಲೋಚನೆಗೆ ಬಿಟ್ಟಿದೆ. ಮಗುವಿನ ಹಸಿವು ನಿದ್ದೆಗಳನ್ನೇ ಅರಿಯದ ತಂದೆ ಏನೆಂದು ಸಲಹೆ ಕೊಟ್ಟಾನು?

ಆದ್ದರಿಂದ ಇಲ್ಲಿರುವ ಹಿರಿಯ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ರಾತ್ರಿ ಪಾಳಿ ಇಲ್ಲದ ವಾರ ಅಳಿಯ ನಿಮ್ಮ ಮನೆಯಲ್ಲಿ ಎರಡು ರಾತ್ರಿ ಉಳಿಯಲಿ. ಬಟ್ಟೆ ಬದಲಿಸಲು ಆತ ಎದ್ದರೆ ‘ಅಯ್ಯೋ, ನೀವ್ಯಾಕೆ’ ಎಂದು ತಡೆಯಬೇಡಿ.