ಪಾತ್ರೆಯ ತಳದ ಅನ್ನವೂ ಲೆಕ್ಕಕ್ಕೆ ಬರಲಿ

ವಯಸ್ಕರಲ್ಲಿ ಬೊಜ್ಜಿಗೆ ದಾರಿ ಮಾಡುವ ಜೀವನಶೈಲಿಯ ಅಪಾಯಗಳನ್ನು ಅಳೆಯುವುದು ಹೇಗೆ ಎಂಬುದು ಈ ಎರಡು ದಿನಗಳ ವಿಚಾರ ಸಂಕಿರಣದ ವಿಷಯ. ನನ್ನ ಕಣ್ಣು ತೆರೆಸಿದ ಒಂದು ಘಟನೆಯಿಂದ ಮಾತು ಶುರು ಮಾಡುತ್ತೇನೆ.

ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರು ನನ್ನೆದುರು ಕೂತಿದ್ದರು. "ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಸ್ವಲ್ಪ ಅನ್ನ, ರಾತ್ರಿ ಎರಡು ಚಪಾತಿ, ಅಷ್ಟೇ ಡಾಕ್ಟ್ರೇ" ಅಂದರು. ನಮೂನೆಯಲ್ಲಿ ಹಾಗೇ ಬರೆದುಕೊಂಡೆ. ಅವರು ಹೊರಡುವಾಗ, "ಎಲ್ಲರ ಊಟ ಆದಮೇಲೆ ಉಳಿದದ್ದನ್ನ ಏನು ಮಾಡ್ತೀರಿ?" ಎಂದು ಕೇಳಿದೆ. "ಚೆಲ್ಲೋಕಾಗುತ್ತಾ? ಪಾತ್ರೆ ತೊಳೆಯೋಕೆ ಮುಂಚೆ ನಾನೇ ತಿಂದುಬಿಡ್ತೀನಿ" ಅಂದರು. ಮೊಮ್ಮಗಳು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಚಿತ್ರಾನ್ನ, ಸಂಜೆಯ ಎರಡನೇ ಕಾಫಿ, ಇವು ಯಾವುವೂ ನನ್ನ ನಮೂನೆಯಲ್ಲಿರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ನಿಂತುಕೊಂಡು ತಿಂದದ್ದು ಅವರ ಲೆಕ್ಕದಲ್ಲಿ ಊಟವೇ ಆಗಿರಲಿಲ್ಲ. ತಪ್ಪಿದ್ದು ನನ್ನ ಪ್ರಶ್ನೆ.

ಜನ ದಿನ ಕಳೆಯುವ ರೀತಿಗೆ ನಮ್ಮ ಪ್ರಶ್ನೆ ಹೊಂದಬೇಕು. ಈ ಸಂಕಿರಣದಿಂದ ನಾನು ಬಯಸುವುದು ಇದೊಂದನ್ನೇ.

ಕೆಲಸದ ತುರ್ತು ಎಷ್ಟಿದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ. 23.3, ಪುರುಷರಲ್ಲಿ ಶೇ. 22.1 ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. 2019-21ರ ಹೊತ್ತಿಗೆ ಅದು ಕ್ರಮವಾಗಿ ಶೇ. 30.1 ಮತ್ತು 30.9 ಆಯಿತು. ಈ ಲೆಕ್ಕ ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ, 25 ಮುಟ್ಟಿದವರದು. ಭಾರತೀಯರಿಗೆ 23ರಿಂದಲೇ ಎಚ್ಚರ ಬೇಕೆಂದು ನಮ್ಮ ತಜ್ಞರು 2009ರಲ್ಲೇ ಹೇಳಿದ್ದಾರೆ.

ಬಿಎಂಐ ಒಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ದೇಹದ ಕೊಬ್ಬು ಮಾತ್ರ ಯಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಹಾಗಾಗಿ ಸೊಂಟದ ಸುತ್ತಳತೆ ಬೇಕೇ ಬೇಕು: ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮಿತಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಅಂಚಿಗೂ ನಡುವೆ, ಉಸಿರು ಬಿಟ್ಟ ಕ್ಷಣದಲ್ಲಿ ಟೇಪು ಹಿಡಿಯಬೇಕು. ಸೀರೆಯ ನೆರಿಗೆಯ ಮೇಲೆ, ಲಂಗದ ಲಾಡಿಯ ಮೇಲೆ ಅಳೆದರೆ ಬರುವುದು ಬಟ್ಟೆಯ ಅಳತೆ. ಮರೆಗೊಂದು ಪರದೆ, ಅಳೆಯಲು ಒಬ್ಬ ಮಹಿಳೆ, ಇವಿಲ್ಲದ ಶಿಬಿರದ ಅಂಕಿಗಳನ್ನು ನಾನು ನಂಬಲಾರೆ.

ಆಹಾರದ ವಿಚಾರಕ್ಕೆ ಬಂದರೆ, "ಎಣ್ಣೆ ಜಾಸ್ತಿ ಬಳಸ್ತೀರಾ?" ಎಂದರೆ ಎಲ್ಲರೂ "ಇಲ್ಲ" ಅನ್ನುತ್ತಾರೆ. ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತಾರೆಂದು ಕೇಳಿ. ಐದು ಜನರ ಮನೆಗೆ ಆರು ಲೀಟರ್ ಬೇಕಾದರೆ ತಲೆಗೆ ದಿನಕ್ಕೆ 40 ಮಿಲಿ, ಅಂದರೆ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿ ಎಣ್ಣೆಯಿಂದಲೇ ಬಂತು.

"ವ್ಯಾಯಾಮ ಮಾಡ್ತೀರಾ?" ಎಂಬುದೂ ಇಂಥದೇ ಪ್ರಶ್ನೆ. ದಿನವಿಡೀ ಇಟ್ಟಿಗೆ ಹೊರುವ ಹೆಂಗಸು "ಇಲ್ಲ" ಅನ್ನುತ್ತಾಳೆ. ಅರ್ಧ ಗಂಟೆ ವಾಕಿಂಗ್ ಮುಗಿಸಿ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡವರು "ಹೌದು" ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಕೆಲಸ, ಓಡಾಟ, ಬಿಡುವು ಮೂರನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಕೂತ ಸಮಯವನ್ನೂ ಕೇಳುತ್ತದೆ. ಅದಕ್ಕೆ ನಿದ್ದೆ, ರಾತ್ರಿ ಪಾಳಿ, ಮದ್ಯಪಾನ ಸೇರಲಿ. ಬೀದಿಯಲ್ಲಿ ನಡೆಯಲು ಫುಟ್‌ಪಾತ್ ಇದೆಯೇ, ಬೆಳಗಿನ ಕತ್ತಲಲ್ಲಿ ಹೆಂಗಸರು ಹೆದರದೆ ಹೊರಡಬಹುದೇ ಎಂಬುದೂ ಸೇರಲಿ. ಇಲ್ಲದಿದ್ದರೆ ಊರಿನ ಕೊರತೆಯನ್ನೆಲ್ಲ ಒಬ್ಬ ವ್ಯಕ್ತಿಯ ಸೋಮಾರಿತನವೆಂದು ಬರೆದುಬಿಡುತ್ತೇವೆ.

ಸಂಶೋಧಕ ಮಿತ್ರರಲ್ಲಿ ಒಂದು ವಿನಂತಿ. ಒಮ್ಮೆ ಮಾಡಿದ ಸಮೀಕ್ಷೆಯಲ್ಲಿ ನಂಟು ಕಾಣುತ್ತದೆ, ಕಾರಣ ಕಾಣುವುದಿಲ್ಲ. ತೂಕ ಹೆಚ್ಚಿ ಮಂಡಿ ನೋವು ಬಂತೋ, ಮಂಡಿ ನೋವಿಂದ ಓಡಾಟ ನಿಂತು ತೂಕ ಹೆಚ್ಚಿತೋ? ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರಷ್ಟೇ ತಿಳಿದೀತು.

ಕಲಬುರಗಿಯ ಜೋಳದ ರೊಟ್ಟಿಗೂ ಮಂಗಳೂರಿನ ಕುಚ್ಚಲಕ್ಕಿ ಗಂಜಿಗೂ ಮಂಡ್ಯದ ಮುದ್ದೆಗೂ ಹೊಂದುವ, ಮನೆಯ ಬಟ್ಟಲು ಸೌಟುಗಳಲ್ಲೇ ಅಳೆಯುವ ಕನ್ನಡದ ಪ್ರಶ್ನಾವಳಿಯೊಂದರ ಕರಡು ನಾಳೆ ಸಂಜೆಯೊಳಗೆ ಸಿದ್ಧವಾಗಲಿ. ನೀವು ಪ್ರತಿಯೊಬ್ಬರೂ ನಿಮ್ಮ ಅನುಭವದಿಂದ ಒಂದೊಂದು ಪ್ರಶ್ನೆ ಕೊಡಿ. ನನ್ನದನ್ನು ಈಗಲೇ ಕೊಡುತ್ತೇನೆ: "ನಿನ್ನೆ ನಿಂತುಕೊಂಡು ಏನೇನು ತಿಂದಿರಿ?"