ಉದ್ಯಾನದ ಉಪದೇಶಕ ಮತ್ತು ನಮ್ಮ ವಿದ್ಯಾರ್ಥಿ

(ಸಂಘದ ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲೇಖನರೂಪ)



ವಾರ್ಷಿಕ ಸಮ್ಮೇಳನವೆಂದರೆ ಅಂಕ, ರ‍್ಯಾಂಕ್, ವಿದ್ಯಾರ್ಥಿವೇತನ, ಉದ್ಯೋಗ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಇಂದು ನಾನು ಪಠ್ಯಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಮಕ್ಕಳು ಉನ್ನತ ವ್ಯಾಸಂಗಕ್ಕೆಂದು, ಉದ್ಯೋಗಕ್ಕೆಂದು ದೂರದ ನಾಡುಗಳಿಗೆ ಹೋಗುತ್ತಿದ್ದಾರೆ. ಒಂದು ಭಾನುವಾರ ಅಲ್ಲಿನ ಉದ್ಯಾನದಲ್ಲಿ ನೀವು ನಡೆಯುತ್ತಿರುವಾಗ ಅಪರಿಚಿತನೊಬ್ಬ ನಗುಮುಖದಿಂದ ಬಂದು, ಕೈಗೊಂದು ಕರಪತ್ರ ಕೊಟ್ಟು, “ಯೇಸುವಿನ ಬಗ್ಗೆ ನಿಮ್ಮೊಡನೆ ಎರಡು ಮಾತು ಹೇಳಲೇ?” ಎಂದು ಕೇಳಿದರೆ ನೀವು ಏನು ಮಾಡುವಿರಿ?

ಕೆಲವರು ತಲೆ ತಗ್ಗಿಸಿ ಓಡುತ್ತಾರೆ. ಕೆಲವರು ಕರಪತ್ರವನ್ನು ಅವನ ಮುಂದೆಯೇ ಹರಿದು ಜಗಳಕ್ಕೆ ನಿಲ್ಲುತ್ತಾರೆ. ನಮ್ಮ ವಿದ್ಯೆ ಇವೆರಡನ್ನೂ ಮೀರಿದ ಒಂದು ದಾರಿಯನ್ನು ನಮಗೆ ಕಲಿಸಿದೆಯೇ? ಇದೇ ಇಂದಿನ ನನ್ನ ಪ್ರಶ್ನೆ.

ಲಂಡನ್ನಿನ ಹೈಡ್ ಪಾರ್ಕಿನ ಹೆಸರನ್ನು ನೀವು ಕೇಳಿರಬಹುದು. ಅದರ ಈಶಾನ್ಯ ಮೂಲೆಯಲ್ಲಿ, ಮಾರ್ಬಲ್ ಆರ್ಚ್ ಬಳಿ, ‘ಸ್ಪೀಕರ್ಸ್ ಕಾರ್ನರ್’ ಎಂಬ ಜಾಗವಿದೆ. ಹತ್ತಿರದಲ್ಲೇ ಹಿಂದೆ ಟೈಬರ್ನ್ ಎಂಬ ಗಲ್ಲುಕಂಬವಿತ್ತು. 1783ರ ವರೆಗೂ ಅಲ್ಲಿ ಜನರನ್ನು ಗಲ್ಲಿಗೇರಿಸುತ್ತಿದ್ದರು. ಸಾಯುವ ಮುನ್ನ ಕೊನೆಯ ಮಾತನಾಡಲು ಅಪರಾಧಿಗೆ ಅವಕಾಶವಿತ್ತು; ಅದನ್ನು ಕೇಳಲು ದೊಡ್ಡ ಜನಸಂದಣಿಯೇ ಸೇರುತ್ತಿತ್ತು.

ಮಾತಿನ ಸ್ವಾತಂತ್ರ್ಯ ಅಲ್ಲಿ ಸುಲಭವಾಗಿ ಬಂದದ್ದಲ್ಲ. 1866ರಲ್ಲಿ ಮತದಾನದ ಹಕ್ಕು ಕೇಳಿ ಕಾರ್ಮಿಕರು ಹೈಡ್ ಪಾರ್ಕಿನಲ್ಲಿ ಸಭೆ ನಡೆಸಲು ಹೊರಟಾಗ ಸರಕಾರ ಗೇಟುಗಳಿಗೆ ಬೀಗ ಹಾಕಿಸಿತು. ಜನರು ಕಬ್ಬಿಣದ ಬೇಲಿಯನ್ನೇ ಕಿತ್ತು ಒಳನುಗ್ಗಿದರು. 1867ರಲ್ಲಿ ನಿಷೇಧವನ್ನು ಲೆಕ್ಕಿಸದೆ ಮತ್ತೆ ಸೇರಿದರು. ಕೊನೆಗೆ 1872ರ ಉದ್ಯಾನಗಳ ನಿಯಂತ್ರಣ ಕಾಯ್ದೆಯಿಂದ ಅಲ್ಲಿ ಸಾರ್ವಜನಿಕ ಭಾಷಣಕ್ಕೆ ದಾರಿಯಾಯಿತು. ಅಂದಿನಿಂದ ಭಾನುವಾರಗಳಂದು ಯಾರು ಬೇಕಾದರೂ ಒಂದು ಪೆಟ್ಟಿಗೆಯನ್ನೋ ಏಣಿಯನ್ನೋ ತಂದಿಟ್ಟು, ಅದರ ಮೇಲೆ ನಿಂತು ಮಾತನಾಡಬಹುದು. ಮೈಕಿಲ್ಲ, ಟಿಕೇಟಿಲ್ಲ, ಅಧ್ಯಕ್ಷರಿಲ್ಲ. ಕೇಳುಗರು ಇಷ್ಟವಿದ್ದರೆ ನಿಲ್ಲುತ್ತಾರೆ, ಇಲ್ಲವಾದರೆ ಹೋಗುತ್ತಾರೆ. ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳುವುದಂತೂ ಅಲ್ಲಿನ ಸಂಪ್ರದಾಯವೇ ಆಗಿದೆ. ಹಾಗೆಂದು ಅಲ್ಲಿ ಕಾನೂನಿಲ್ಲವೆಂದಲ್ಲ. ದೇಶದ ಉಳಿದೆಡೆ ಇರುವ ಕಾನೂನೇ ಅಲ್ಲಿಯೂ ಇದೆ.

ಈ ಮೂಲೆಯಲ್ಲಿ ರಾಜಕೀಯದವರಷ್ಟೇ ಕ್ರೈಸ್ತ ಉಪದೇಶಕರೂ ನಿಂತಿದ್ದಾರೆ. ಅವರಲ್ಲಿ ಡೊನಾಲ್ಡ್ ಸೋಪರ್ ಎಂಬ ಮೆಥಡಿಸ್ಟ್ ಪಾದ್ರಿಯ ಹೆಸರು ಪ್ರಸಿದ್ಧ. 1903ರಲ್ಲಿ ಹುಟ್ಟಿದ ಇವರು 1920ರ ದಶಕದಲ್ಲಿ ಲಂಡನ್ನಿನ ಟವರ್ ಹಿಲ್‌ನಲ್ಲಿ ಬಯಲು ಭಾಷಣ ಆರಂಭಿಸಿದರು. ನಂತರ ಹೈಡ್ ಪಾರ್ಕಿಗೂ ಬಂದರು. 1965ರಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ ಸದಸ್ಯರಾದ ಮೇಲೂ ಆ ಪೆಟ್ಟಿಗೆಯನ್ನು ಬಿಡಲಿಲ್ಲ. 1998ರಲ್ಲಿ ತೀರಿಕೊಳ್ಳುವಾಗ ಅವರಿಗೆ 95 ವರ್ಷ. ಇಳಿವಯಸ್ಸಿನಲ್ಲೂ ಬಯಲಿಗೆ ಬಂದು, ಗುರುತು ಪರಿಚಯವಿಲ್ಲದವರ ಕುಹಕದ ಪ್ರಶ್ನೆಗಳಿಗೆ ಸಿಟ್ಟಾಗದೆ ಉತ್ತರಿಸುತ್ತಿದ್ದರು. ಅವರ ವಿಶ್ವಾಸ ನಮ್ಮದಲ್ಲ. ಆದರೆ ಆ ಸಹನೆಯನ್ನು ಮೆಚ್ಚಲು ನಮಗೇನು ಅಡ್ಡಿ?

ಇನ್ನೊಂದು ಉದಾಹರಣೆ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಉಪಯುಕ್ತ. 1918ರಲ್ಲಿ ಲಂಡನ್ನಿನಲ್ಲಿ ‘ಕ್ಯಾಥೊಲಿಕ್ ಎವಿಡೆನ್ಸ್ ಗಿಲ್ಡ್’ ಎಂಬ ಸಂಘಟನೆ ಆರಂಭವಾಯಿತು. ಇದರಲ್ಲಿ ಬೀದಿಗಿಳಿದು ಮಾತನಾಡುತ್ತಿದ್ದವರು ಹೆಚ್ಚಾಗಿ ಗುಮಾಸ್ತರು, ಶಿಕ್ಷಕರು, ಗೃಹಿಣಿಯರಂಥ ಸಾಮಾನ್ಯ ಜನರು. ಕಾನೂನು ಓದಿದ್ದ ಫ್ರ್ಯಾಂಕ್ ಶೀಡ್ ಮತ್ತು ಅವರ ಪತ್ನಿ ಮೇಸಿ ವಾರ್ಡ್ ಇದರ ಪ್ರಮುಖ ಭಾಷಣಕಾರರಾಗಿದ್ದರು. ಆದರೆ ಉತ್ಸಾಹವಿದ್ದ ಮಾತ್ರಕ್ಕೆ ಯಾರನ್ನೂ ಪೆಟ್ಟಿಗೆಯ ಮೇಲೆ ಹತ್ತಿಸುತ್ತಿರಲಿಲ್ಲ. ಮೊದಲು ತರಗತಿಗೆ ಬರಬೇಕು. ಒಂದು ವಿಷಯವನ್ನು ಚೆನ್ನಾಗಿ ಕಲಿಯಬೇಕು. ಜನರು ಕೇಳುವಂಥ ಕಠಿಣ ಪ್ರಶ್ನೆಗಳನ್ನು ಸಂಘದವರೇ ಕೇಳಿ ಪರೀಕ್ಷಿಸಬೇಕು. ಉತ್ತೀರ್ಣರಾದ ವಿಷಯದ ಮೇಲೆ ಮಾತ್ರ ಭಾಷಣಕ್ಕೆ ಅನುಮತಿ. ಮಿತ್ರರೇ, ಉದ್ಯಾನದಲ್ಲಿ ನಿಮಗೆ ಎದುರಾಗುವ ಉಪದೇಶಕ ಹೀಗೆ ಓದಿಕೊಂಡು ಬಂದವನಾಗಿರಬಹುದು. ನೀವು ಏನನ್ನು ಓದಿಕೊಂಡು ಹೋಗಿರುತ್ತೀರಿ?

ಇದೇ ಮೂಲೆಯಲ್ಲಿ ಕೆಲವು ದಶಕಗಳಿಂದ ಮುಸ್ಲಿಮ್ ಭಾಷಣಕಾರರೂ ಏಣಿ ಹತ್ತುತ್ತಿದ್ದಾರೆ. ಕ್ರೈಸ್ತನು ತ್ರಿಯೇಕತ್ವದ ಬಗ್ಗೆ ಹೇಳಿದರೆ ಹತ್ತು ಹೆಜ್ಜೆ ಆಚೆ ಮುಸ್ಲಿಮನು ತೌಹೀದಿನ ಬಗ್ಗೆ ಹೇಳುತ್ತಾನೆ. ದೇವರೇ ಇಲ್ಲ ಎನ್ನುವವನೂ ಪಕ್ಕದಲ್ಲೇ ಇರುತ್ತಾನೆ. ಇಲ್ಲೊಂದು ಸರಳ ಸತ್ಯವಿದೆ. ಆ ಕ್ರೈಸ್ತನನ್ನು ರಕ್ಷಿಸುವ ಕಾನೂನೇ ಈ ಮುಸ್ಲಿಮನನ್ನೂ ರಕ್ಷಿಸುತ್ತದೆ. ಅವನ ಏಣಿಯನ್ನು ಎಳೆದು ಬೀಳಿಸಿದವನು ತನ್ನ ಏಣಿಯನ್ನೂ ಉಳಿಸಿಕೊಳ್ಳಲಾರ.

ಅಲ್ಲಿನ ನ್ಯಾಯಾಲಯವೂ ಇದನ್ನು ಗುರುತಿಸಿದೆ. ವೇಕ್‌ಫೀಲ್ಡ್ ಎಂಬ ನಗರದಲ್ಲಿ ಮೂವರು ಕ್ರೈಸ್ತ ಮಹಿಳೆಯರು ಚರ್ಚಿನ ಮೆಟ್ಟಿಲ ಮೇಲೆ ನಿಂತು ಉಪದೇಶ ಮಾಡುತ್ತಿದ್ದರು. ಸೇರಿದವರಲ್ಲಿ ಕೆಲವರು ಕೆರಳಿದರು. ಪೊಲೀಸರು ಭಾಷಣ ನಿಲ್ಲಿಸಲು ಹೇಳಿದರು. ಮಹಿಳೆಯರು ಒಪ್ಪದಿದ್ದಾಗ ಬಂಧಿಸಿದರು. ಮೇಲ್ಮನವಿಯಲ್ಲಿ 1999ರಲ್ಲಿ ತೀರ್ಪು ನೀಡಿದ ನ್ಯಾಯಮೂರ್ತಿ ಸೆಡ್ಲಿಯವರು, ಪೊಲೀಸರು ಮಾಡಿದ್ದು ಸರಿಯಲ್ಲವೆಂದರು. ಕೇಳುಗರಿಗೆ ಹಿಡಿಸದ ಮಾತೂ ಸ್ವಾತಂತ್ರ್ಯದ ಒಳಗೇ ಬರುತ್ತದೆ, ಅದು ಹಿಂಸೆಗೆ ಪ್ರಚೋದಿಸದಿದ್ದರೆ ಸಾಕು. ಗಲಭೆ ಮಾಡಹೊರಟವನನ್ನು ತಡೆಯಬೇಕೇ ಹೊರತು ಮಾತನಾಡುವವನನ್ನಲ್ಲ ಎಂಬುದು ಆ ತೀರ್ಪಿನ ತಿರುಳು. ಹೈಡ್ ಪಾರ್ಕಿನ ಆ ಮೂಲೆಯನ್ನೂ ಅವರು ಅದರಲ್ಲಿ ನೆನಪಿಸಿದ್ದಾರೆ.

ಈಗ ಮನಸ್ಸಿಗೆ ನೋವಾಗುವ ಒಂದು ಸಂಗತಿಯನ್ನು ಹೇಳಬೇಕಾಗಿದೆ. 2021ರ ಜುಲೈಯಲ್ಲಿ ಇದೇ ಸ್ಪೀಕರ್ಸ್ ಕಾರ್ನರ್‌ನಲ್ಲಿ ಕ್ರೈಸ್ತ ಪ್ರಚಾರಕಿಯೊಬ್ಬರ ಮೇಲೆ ಚೂರಿಯಿಂದ ದಾಳಿ ನಡೆಯಿತು. ಪ್ರವಾದಿವರ್ಯರ(ಸ) ವ್ಯಂಗ್ಯಚಿತ್ರಗಳನ್ನು ಪ್ರಕಟಿಸಿದ್ದ ಫ್ರೆಂಚ್ ಪತ್ರಿಕೆಯ ಹೆಸರಿದ್ದ ಅಂಗಿಯನ್ನು ಅವರು ಅಂದು ತೊಟ್ಟಿದ್ದರು. ಗಾಯಗೊಂಡರೂ ಬದುಕಿಕೊಂಡರು. 2022ರಲ್ಲಿ, ಇಸ್ಲಾಮ್ ಸ್ವೀಕರಿಸಿದ್ದ ಯುವಕನೊಬ್ಬ ಅದೇ ಮಹಿಳೆಯನ್ನು ಬಂದೂಕಿನಿಂದ ಕೊಲ್ಲಲು ಸಂಚು ಹೂಡಿ ಸಿಕ್ಕಿಬಿದ್ದ. 2023ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ಮಹಿಳೆಯ ರೀತಿ ನಮಗೆ ನೋವು ತರುವಂಥದ್ದು ಎನ್ನಬಹುದು. ನಿಜವಿರಬಹುದು. ಆದರೆ ಚೂರಿ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು? ಪ್ರವಾದಿವರ್ಯರ(ಸ) ಗೌರವವನ್ನು ಅದು ಒಂದು ಎಳ್ಳಿನಷ್ಟಾದರೂ ಹೆಚ್ಚಿಸಿತೇ? ಉತ್ತರ ಗೊತ್ತಿಲ್ಲದವನು ಕೈ ಎತ್ತುತ್ತಾನೆ. ಹಾಗೆ ಎತ್ತಿದ ಕೈ ಅಲ್ಲಿನ ಪ್ರತಿಯೊಬ್ಬ ಮುಸ್ಲಿಮ್ ವಿದ್ಯಾರ್ಥಿಯ ಮೇಲೂ ಸಂಶಯದ ನೆರಳು ಬೀಳಿಸುತ್ತದೆ.

ನಮ್ಮ ಇತಿಹಾಸದ ಮೊದಲ ಪುಟಗಳನ್ನು ತೆರೆದು ನೋಡಿ. ಮಕ್ಕಾದ ಕಿರುಕುಳ ತಾಳಲಾರದೆ ಸುಮಾರು 615ರಲ್ಲಿ ಸಹಾಬಿಗಳ ಒಂದು ತಂಡ ಅಬಿಸೀನಿಯಾಕ್ಕೆ ಹಿಜ್‌ರತ್ ಹೋಯಿತು. ಅಂದು ಪರನಾಡಿನಲ್ಲಿ ಅಪರಿಚಿತರಾಗಿ ನಿಂತು ತಮ್ಮ ವಿಶ್ವಾಸವನ್ನು ವಿವರಿಸಿದವರು ನಮ್ಮವರೇ. ಹಝ್ರತ್ ಜಅಫರ್(ರ)ರು ರಾಜನ ಆಸ್ಥಾನದಲ್ಲಿ ಸೂರಃ ಮರ್ಯಮ್‌ನ ಭಾಗವನ್ನು ಓದಿದರು. ಕೇಳಿದ ರಾಜ ನಜ್ಜಾಶಿ ಕ್ರೈಸ್ತ. ಆತ ಸೆರೆಮನೆಗೆ ತಳ್ಳಲಿಲ್ಲ, ಕುರೈಶರ ಕೈಗೂ ಒಪ್ಪಿಸಲಿಲ್ಲ. ಕಣ್ಣೀರು ತುಂಬಿ ಆಲಿಸಿ ಆಶ್ರಯ ನೀಡಿದನೆಂದು ಚರಿತ್ರೆ ಹೇಳುತ್ತದೆ. ಅಂದು ಕ್ರೈಸ್ತನೊಬ್ಬ ಕಿವಿಗೊಟ್ಟ ಋಣ ನಮ್ಮ ಮೇಲಿದೆ.

ಪ್ರವಾದಿವರ್ಯರು(ಸ) ಕೂಡ ಕಿವಿಗೊಟ್ಟರು. ನಜ್ರಾನಿನ ಕ್ರೈಸ್ತರ ನಿಯೋಗ ಮದೀನಾಕ್ಕೆ ಬಂದಾಗ ಮಸೀದಿಯಲ್ಲೇ ಅವರನ್ನು ಬರಮಾಡಿಕೊಂಡರು. ಅವರ ಪ್ರಾರ್ಥನೆಯ ಹೊತ್ತಾದಾಗ ಅಲ್ಲೇ ಪ್ರಾರ್ಥಿಸಲು ಬಿಟ್ಟರೆಂದು ಸೀರಾ ಗ್ರಂಥಗಳಲ್ಲಿದೆ. ಪ್ರವಾದಿ ಈಸಾ(ಅ)ರ ಬಗ್ಗೆ ಚರ್ಚೆ ನಡೆಯಿತು, ಒಮ್ಮತವಾಗಲಿಲ್ಲ. ಒಪ್ಪಂದ ಮಾಡಿಕೊಂಡು ಅವರು ಸುರಕ್ಷಿತವಾಗಿ ಊರಿಗೆ ಮರಳಿದರು. ಗ್ರಂಥದವರೊಡನೆ ಅತ್ಯುತ್ತಮ ರೀತಿಯಲ್ಲಿ ಮಾತ್ರ ವಾದಿಸಬೇಕೆಂದು ಪವಿತ್ರ ಕುರ್‌ಆನ್ ಸೂರಃ ಅಲ್ ಅನ್ಕಬೂತ್‌ನಲ್ಲಿ ಆದೇಶಿಸುತ್ತದೆ. ಇತರರು ಪ್ರಾರ್ಥಿಸುವವುಗಳನ್ನು ಬೈಯಬಾರದೆಂದು ಸೂರಃ ಅಲ್ ಅನ್‌ಆಮ್‌ನಲ್ಲಿ ತಡೆಯುತ್ತದೆ.

ನಮ್ಮ ದೇಶದಲ್ಲೂ ಇಂಥ ಮುಖಾಮುಖಿ ನಡೆದಿದೆ. ಕಾರ್ಲ್ ಫಾಂಡರ್ ಎಂಬ ಜರ್ಮನ್ ಮಿಷನರಿ ‘ಮೀಝಾನುಲ್ ಹಕ್’ ಎಂಬ ಗ್ರಂಥ ಬರೆದು ಉತ್ತರ ಭಾರತದ ಉಲಮಾಗಳಿಗೆ ಸವಾಲೆಸೆದಿದ್ದರು. 1854ರ ಎಪ್ರಿಲ್‌ನಲ್ಲಿ ಆಗ್ರಾದಲ್ಲಿ ಎರಡು ದಿನ ಅವರೊಡನೆ ಬಹಿರಂಗ ಚರ್ಚೆ ನಡೆಸಿದವರು ಮೌಲಾನಾ ರಹ್ಮತುಲ್ಲಾಹ್ ಕೈರಾನವಿ. ಅವರ ಜೊತೆಗಿದ್ದ ಡಾ. ವಝೀರ್ ಖಾನ್ ಬೈಬಲಿನ ಬಗ್ಗೆ ಯುರೋಪಿನ ವಿದ್ವಾಂಸರೇ ಬರೆದ ಗ್ರಂಥಗಳನ್ನು ಸಂಗ್ರಹಿಸಿ ಓದಿದ್ದರು. ಪಾದ್ರಿಗೆ ಅವರು ಎದುರಾದದ್ದು ಪುಸ್ತಕ ಹಿಡಿದು. 1857ರ ಬಳಿಕ ಮಕ್ಕಾ ಸೇರಿದ ಮೌಲಾನಾ ‘ಇಝ್‌ಹಾರುಲ್ ಹಕ್’ ಎಂಬ ಗ್ರಂಥ ರಚಿಸಿದರು. ಕಲ್ಕತ್ತೆಯ ಸೌಲತುನ್ನಿಸಾ ಎಂಬ ಮಹಿಳೆಯ ದಾನದಿಂದ ಮದ್ರಸವೊಂದನ್ನು ಕಟ್ಟಿ, ಅದಕ್ಕೆ ಆಕೆಯ ಹೆಸರಿನಿಂದಲೇ ‘ಸೌಲತಿಯ್ಯಾ’ ಎಂದು ಕರೆದರು. ಪ್ರಶ್ನೆ ಕೇಳಿದವನಿಗೆ ಒಂದು ಗ್ರಂಥ, ಮುಂದಿನ ಪೀಳಿಗೆಗೆ ಒಂದು ಶಾಲೆ! ವಿದ್ಯಾಸಂಘವೊಂದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಆ ಫಾಂಡರ್ ತರಬೇತಿ ಪಡೆದದ್ದು ಬಾಸೆಲ್ ಮಿಷನ್ನಿನಲ್ಲಿ. ಕರಾವಳಿಯವರಿಗೆ ಆ ಹೆಸರು ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳು ಸಂತೆಗಳಲ್ಲಿ, ಜಾತ್ರೆಗಳಲ್ಲಿ ನಿಂತು ಅಪರಿಚಿತರಿಗೆ ಕ್ರೈಸ್ತ ಧರ್ಮವನ್ನು ಬೋಧಿಸಿದರು. ಕೇಳಿದವರಲ್ಲಿ ಬಹುಪಾಲು ಜನ ತಮ್ಮ ಧರ್ಮದಲ್ಲೇ ಉಳಿದರು. ಆದರೆ ಅವರ ಶಾಲೆಯಲ್ಲಿ ಓದಿದರು, ಅವರ ಹೆಂಚನ್ನು ಮನೆಗೆ ಹೊದಿಸಿದರು. 1843ರ ‘ಮಂಗಳೂರ ಸಮಾಚಾರ’ವೂ 1894ರ ಕಿಟ್ಟೆಲ್ ನಿಘಂಟೂ ಅವರ ಕೊಡುಗೆಗಳೇ. ಕಿವಿಗೊಟ್ಟ ಮಾತ್ರಕ್ಕೆ ವಿಶ್ವಾಸ ಕಳೆದುಹೋಗುವುದಿಲ್ಲ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ.

ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನೊಡನೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ತನ್ನ ಧರ್ಮದ ತತ್ವಗಳನ್ನು ವಿವರಿಸುವುದು ಬೇರೆ, ಇನ್ನೊಬ್ಬನನ್ನು ಮತಾಂತರಿಸುವುದು ತನ್ನ ಹಕ್ಕೆಂದು ಸಾಧಿಸುವುದು ಬೇರೆ ಎಂದು ಸುಪ್ರೀಮ್ ಕೋರ್ಟ್ 1977ರಲ್ಲಿ ಹೇಳಿತು. ಹೇಳುವ ಹಕ್ಕು ಹೇಳುವವನದು. ಒಪ್ಪುವ, ಬಿಡುವ ಹಕ್ಕು ಕೇಳುವವನದು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಕೆಲವು ಮಾತುಗಳನ್ನು ನೆನಪಿನಲ್ಲಿಡಿ. ಉದ್ಯಾನದಲ್ಲಿ ಅಂಥವರು ಎದುರಾದರೆ, ಸಮಯವಿದ್ದರೆ ನಿಂತು ಕೇಳಿ. ಸಮಯವಿಲ್ಲವಾದರೆ “ಕ್ಷಮಿಸಿ, ಈಗ ಆಗದು” ಎಂದು ವಿನಯದಿಂದ ಹೇಳಿ ಮುಂದೆ ಹೋಗಿ. ಅದಕ್ಕಾಗಿ ಯಾರಿಗೂ ವಿವರಣೆ ಕೊಡಬೇಕಿಲ್ಲ. ಕೇಳಿದ ಮೇಲೆ ನೀವೂ ಪ್ರಶ್ನಿಸಿ, ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಮನೆಗೆ ಬಂದು ಓದಿ. ಈಸಾ(ಅ) ಮತ್ತು ಮರ್ಯಮರನ್ನು ನಾವೂ ಗೌರವಿಸುತ್ತೇವೆ ಎಂಬಲ್ಲಿಂದ ಮಾತು ಆರಂಭಿಸಿದರೆ ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ. ಎದುರಿನವನನ್ನು ಗೇಲಿ ಮಾಡಿ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವ ಚಟ ಬೇಡ. ಅಲ್ಲಿ ಚಪ್ಪಾಳೆ ಸಿಗಬಹುದು, ಮನಸ್ಸು ಗೆಲ್ಲಲಾಗದು.

ಇದೇ ನಿಯಮ ನಾವು ದಅವಾ ಮಾಡುವಾಗಲೂ ಅನ್ವಯಿಸುತ್ತದೆ. ಹಸಿದವನಿಗೆ ಅನ್ನ ತೋರಿಸಿ, ರೋಗಿಗೆ ಮದ್ದು ತೋರಿಸಿ, ಹೆತ್ತವರಿಗೆ ತಿಳಿಯದಂತೆ ಮಕ್ಕಳನ್ನು ಕರೆದು ಧರ್ಮ ಹೇಳುವುದು ಯಾರು ಮಾಡಿದರೂ ತಪ್ಪು. ಬೇಡವೆಂದವನನ್ನು ಹಿಂಬಾಲಿಸುವುದೂ ತಪ್ಪು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಕುರ್‌ಆನಿನ ಬೋಧನೆಯನ್ನು ನಾವು ಇತರರಿಗೆ ನೆನಪಿಸುವ ಮೊದಲು ನಮಗೆ ನೆನಪಿಸಿಕೊಳ್ಳಬೇಕು.

ಹೆತ್ತವರಲ್ಲಿ ಒಂದು ವಿನಂತಿ. ಮಕ್ಕಳ ವಿಶ್ವಾಸವನ್ನು ಕಾಪಾಡಬೇಕೆಂದು ಅವರ ಕಿವಿ ಮುಚ್ಚಲು ಹೋಗಬೇಡಿ. ಕಿವಿ ಮುಚ್ಚಿ ಬೆಳೆದ ಮಗು ಊರು ಬಿಟ್ಟ ಮೊದಲ ದಿನವೇ ತಬ್ಬಿಬ್ಬಾಗುತ್ತದೆ. ಅವರಿಗೆ ತಮ್ಮ ಗ್ರಂಥವನ್ನು ಅರ್ಥಸಹಿತ ಕಲಿಸಿ, ನೆರೆಯವರ ಧರ್ಮದ ಪರಿಚಯವನ್ನೂ ಮಾಡಿಸಿ. ಬೇರು ಆಳಕ್ಕೆ ಇಳಿದ ಮರ ಗಾಳಿಗೆ ಹೆದರದು.

ಉದ್ಯಾನದಲ್ಲಿ ಸಿಕ್ಕ ಆ ಅಪರಿಚಿತ ತನಗೆ ಅಮೂಲ್ಯವೆನಿಸಿದ್ದನ್ನು ನಿಮಗೆ ಹೇಳಲು ಬಂದಿದ್ದಾನೆ. ನೀವು ಅದನ್ನು ಒಪ್ಪಬೇಕಾಗಿಲ್ಲ. ಮಾತು ಮುಗಿದ ಮೇಲೆ ಅವನೂ ನೀವೂ ನೆಮ್ಮದಿಯಿಂದ ಮನೆ ಸೇರಬೇಕು, ಮುಂದಿನ ಭಾನುವಾರ ಮತ್ತೆ ಎದುರಾದರೆ ಪರಸ್ಪರ ಕುಶಲ ಕೇಳುವಂತಿರಬೇಕು. ಅಷ್ಟಾದರೆ ನೀವು ಕಲಿತ ವಿದ್ಯೆ ಸಾರ್ಥಕ. ಅಲ್ಲಾಹನು ನಮಗೆಲ್ಲರಿಗೂ ಉಪಯುಕ್ತ ಜ್ಞಾನವನ್ನೂ ಸಹನೆಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ. ವಸ್ಸಲಾಮ್.